ಎರಡು ನಕ್ಷೆಗಳಿಗೆ ಹೊಂದಾಣಿಕೆಯಾಗದ ಕಡೆ

ರಾಷ್ಟ್ರೀಯ ಉದ್ಯಾನಗಳಲ್ಲಿ ಚಾರಣಕ್ಕೆ ಹೊರಟವರ ಕೈಯಲ್ಲಿ ಈಗ ಕಾಗದದ ನಕ್ಷೆ ಕಾಣುವುದು ಅಪರೂಪ. ಫೋನಿನ ಪರದೆಯ ಮೇಲಿನ ನೀಲಿ ಚುಕ್ಕೆ ನಾವೆಲ್ಲಿದ್ದೇವೆಂದು ಹೇಳುತ್ತಲೇ ಇರುತ್ತದೆ. ಅದರ ಉಪಕಾರವನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಆದರೆ ಈ ದಾರಿಯನ್ನು ಮೊದಲು ಸವೆಸಿದ ಕಾಲುಗಳು ಯಾರವು, ದಟ್ಟ ಕಾಡಿನ ನಡುವೆ ಇಷ್ಟು ಅಗಲದ ಸಮತಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಆ ಪ್ರಶ್ನೆಗಳನ್ನು ಹಳೆಯ ಸ್ಥಳಾಕೃತಿ ನಕ್ಷೆಗೇ ಹಾಕಬೇಕು. ಅದನ್ನೂ ಹೊಸದರ ಪಕ್ಕದಲ್ಲಿ ಹರಡಿಕೊಂಡು ಓದಬೇಕು.

ಅಮೆರಿಕದ ಉದ್ಯಾನಗಳ ಮಟ್ಟಿಗೆ ಇದು ಯಾರಿಗೂ ಕೈಗೆಟುಕುವ ವಿನೋದ. ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಹುಟ್ಟಿದ್ದು 1879ರಲ್ಲಿ. 1884ರಿಂದ 2006ರವರೆಗಿನ 1,78,000ಕ್ಕೂ ಹೆಚ್ಚು ಹಾಳೆಗಳನ್ನು ಅದು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಅವುಗಳ ಬಣ್ಣದ ಭಾಷೆ ಸರಳವಾದದ್ದು: ಕಂದು ಎಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ (ಸಮೋನ್ನತ ರೇಖೆ), ನೀಲಿ ಎಂದರೆ ನೀರು, ಹಸಿರು ಎಂದರೆ ಕಾಡು, ಕಪ್ಪು ಎಂದರೆ ಮನುಷ್ಯ ಮಾಡಿದ್ದು. ಕೆಲವು ಹಾಳೆಗಳಲ್ಲಿ ನೇರಳೆ ಬಣ್ಣವೂ ಇರುತ್ತದೆ. ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ಆಮೇಲೆ ಸೇರಿಸಿದ ತಿದ್ದುಪಡಿಗಳಿವು. ಸ್ಥಳಕ್ಕೆ ಹೋಗಿ ಪರಿಶೀಲಿಸಿದ್ದಲ್ಲವೆಂದು ಹಾಳೆಯ ಅಂಚಿನಲ್ಲೇ ಪ್ರಾಮಾಣಿಕವಾಗಿ ಅಚ್ಚಾಗಿರುತ್ತದೆ. ಆದ್ದರಿಂದ ನೇರಳೆಯನ್ನು ನಾನು ಹುಷಾರಾಗಿಯೇ ನಂಬುತ್ತೇನೆ.

ಕಂದು ಗೆರೆಗಳ ವಿಷಯ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾಂಸ್ವಾ ಮ್ಯಾಥೆಸ್ ಎಂಬ ಸರ್ವೇಯರ್ ಮೊದಲು ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ, ಆಮೇಲೆ ಯೊಸೆಮಿಟಿ ಕಣಿವೆಯಲ್ಲಿ, ಮುಕ್ಕಾಲಿಯ ಮೇಲೆ ಹಲಗೆಯನ್ನಿಟ್ಟುಕೊಂಡು, ಎದುರಿನ ಬಂಡೆಗಳನ್ನು ನೋಡನೋಡುತ್ತಲೇ ಸಮೋನ್ನತ ರೇಖೆಗಳನ್ನು ಎಳೆದರು. 1907ರಲ್ಲಿ ಪ್ರಕಟವಾದ ಅವರ ಯೊಸೆಮಿಟಿ ಕಣಿವೆಯ ಹಾಳೆಯಲ್ಲಿ ಬಂಡೆಯ ಮೊನೆಗಳು ಮೊನಚಾಗಿಯೇ, ಗುಂಡು ನೆತ್ತಿಗಳು ಗುಂಡಾಗಿಯೇ ಇವೆ. ಇಂದು ವಿಮಾನದಿಂದ ಲೇಸರ್ ಕಿರಣ ಬಿಟ್ಟು ಅಳೆಯುವ ವಿಧಾನದಲ್ಲಿ ನಿಖರತೆ ಬಹಳ ಹೆಚ್ಚು. ಮ್ಯಾಥೆಸ್ ಗೆರೆಯಲ್ಲಿ ಅಷ್ಟು ನಿಖರತೆಯಿಲ್ಲದಿದ್ದರೂ ಬೆಟ್ಟವನ್ನು ಕಣ್ಣಾರೆ ಕಂಡವನ ವಿವೇಚನೆ ಇದೆ. ಅಂದ ಹಾಗೆ, ಗ್ರ್ಯಾಂಡ್ ಕ್ಯಾನಿಯನ್ನಿನ ಹಾಳೆಗಳ ಮೇಲೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂಬ ಹೆಸರುಗಳನ್ನು ಕಂಡ ಕನ್ನಡಿಗರು ಕೊರಕಲಿನೊಳಗೆ ಗುಡಿ ಹುಡುಕುವುದು ಬೇಡ. ಅವು ಬರೀ ಬಂಡೆಯ ಶಿಖರಗಳು. ಇಂಥ ಹೆಸರಿಡುವ ರೂಢಿಯನ್ನು ಅಲ್ಲಿ ಹಾಕಿಕೊಟ್ಟವರು ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್.

ಎಷ್ಟೇ ಒಳ್ಳೆಯ ಗೆರೆಯಾದರೂ ಎರಡು ಗೆರೆಗಳ ನಡುವೆ ಏನಿದೆ ಎಂಬುದನ್ನು ಹೇಳುವುದಿಲ್ಲ. ಒಂದು ಅಂಗುಲಕ್ಕೆ 2,000 ಅಡಿ ಲೆಕ್ಕದ ಹಾಳೆಯಲ್ಲಿ ಒಂದು ಗೆರೆಗೂ ಮುಂದಿನದಕ್ಕೂ ಎತ್ತರದ ಅಂತರ 40 ಅಡಿಯಾಗಿದ್ದರೆ, 35 ಅಡಿಯ ನೆಟ್ಟನೆಯ ಬಂಡೆಯೊಂದು ಎಲ್ಲಿಯೂ ಕಾಣಿಸಿಕೊಳ್ಳದೆ ನುಣುಚಿಕೊಳ್ಳಬಹುದು. ನಕ್ಷೆಯಲ್ಲಿ ಹಗುರವಾದ ಇಳಿಜಾರು ಕಂಡಿತೆಂದು ದಾರಿ ಬಿಟ್ಟು ಅಡ್ಡಹಾಯುವ ಉತ್ಸಾಹಿಗಳು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಕ್ಷೇಮ.

ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ಓದುವ ಸುಖ ಅತಿಯಾಗಿ ಸಿಗುವುದು ಗ್ರೇಟ್ ಸ್ಮೋಕಿ ಮೌಂಟನ್ಸ್ ಉದ್ಯಾನದಲ್ಲಿ. ಇದು 1934ರಲ್ಲಿ ಸ್ಥಾಪನೆಯಾದದ್ದು ನಿರ್ಜನ ಅರಣ್ಯದಲ್ಲಲ್ಲ. ಹೊಲ, ಮನೆ, ಗಿರಣಿಗಳಿದ್ದ ಕಣಿವೆಗಳಲ್ಲಿ. ಆ ಕಾಲದ ಹಾಳೆಗಳಲ್ಲಿ ಮನೆಗಳೆಲ್ಲ ಪುಟ್ಟ ಕಪ್ಪು ಚೌಕಗಳು. ಚೌಕದ ಮೇಲೆ ಶಿಲುಬೆಯಿದ್ದರೆ ಚರ್ಚು, ಬಾವುಟವಿದ್ದರೆ ಶಾಲೆ. ಹೇಜಲ್ ಕ್ರೀಕ್ ಎಂಬ ಹೊಳೆಯ ಉದ್ದಕ್ಕೂ ಹೊಸ ನಕ್ಷೆಯಲ್ಲಿ ಒಂದು ಕಾಲುದಾರಿ ಮಾತ್ರ ಹೋಗುತ್ತದೆ, ಅದೂ ಬೆಟ್ಟದ ದಾರಿಗೆ ಒಪ್ಪದಷ್ಟು ಹದವಾದ ಏರಿನಲ್ಲಿ. ಹಿಂದೆ ಅಲ್ಲಿ ಪ್ರಾಕ್ಟರ್ ಎಂಬ ಮರಕೊಯ್ಯುವ ಊರಿತ್ತು, ದಿಮ್ಮಿ ಸಾಗಿಸಲು ರೈಲು ಹಳಿಯಿತ್ತು. ರೈಲು ಕಡಿದಾದ ಏರನ್ನು ಹತ್ತಲಾರದು, ಹಾಗಾಗಿ ಅದರ ಜಾಡನ್ನು ಹಿಡಿದ ನಮಗೂ ಏದುಸಿರು ಬರುವುದಿಲ್ಲ. 1944ರಲ್ಲಿ ಫೊಂಟಾನ ಅಣೆಕಟ್ಟಿನ ನೀರು ನಿಂತು ಆ ಕಡೆಯ ರಸ್ತೆ ಮುಳುಗಿತು, ಜನ ಊರು ಬಿಟ್ಟರು. ಹೊಸ ನಕ್ಷೆಯಲ್ಲಿ ಅವರದೆಂದು ಹೇಳಬಹುದಾದದ್ದು ಹೆಚ್ಚಾಗಿ ಸ್ಮಶಾನಗಳೇ. ಅಲ್ಲಿಗೆ ಆ ಮನೆತನಗಳವರನ್ನು ಉದ್ಯಾನದವರು ದೋಣಿಯಲ್ಲಿ ಕರೆದೊಯ್ಯುವ ಪದ್ಧತಿ ಇಂದಿಗೂ ಇದೆ. ಹಳೆಯ ಹಾಳೆಯ ಕಪ್ಪು ಚೌಕವನ್ನು ಗುರುತಿಟ್ಟುಕೊಂಡು ನಡೆದರೆ ಇಂಥ ಕಣಿವೆಗಳಲ್ಲಿ ಒಂಟಿ ಚಿಮಣಿಯೋ ಪಾಯದ ಕಲ್ಲುಸಾಲೋ ಎದುರಾಗುವುದುಂಟು. ದಾರಿಹೋಕರು ಕಲ್ಲುಗುಪ್ಪೆಯೆಂದು ದಾಟಿ ಹೋಗುವಂಥದ್ದು.

ಯೊಸೆಮಿಟಿಯಲ್ಲಿ ಇದೇ ಕತೆ ಗಾಡಿರಸ್ತೆಯ ರೂಪದಲ್ಲಿ ಸಿಗುತ್ತದೆ. 1874ರಲ್ಲಿ ಕಣಿವೆಗೆ ಇಳಿದ ಬಿಗ್ ಓಕ್ ಫ್ಲಾಟ್ ರಸ್ತೆ ಹಳೆಯ ಹಾಳೆಯಲ್ಲಿ ಜೋಡಿ ಗೆರೆಯ ರಾಜಮಾರ್ಗ. 1940ರಲ್ಲಿ ಹೊಸ ರಸ್ತೆಯಾದ ಮೇಲೆ, ಬಂಡೆ ಕುಸಿತಗಳಿಗೆ ಸಿಕ್ಕ ಹಳೆಯದು ಕಾಲ್ನಡಿಗೆಯವರ ಪಾಲಿಗೆ ಬಂತು. ಉತ್ತರದ ಹೆಚ್ ಹೆಚಿ ಕಣಿವೆಯಲ್ಲಂತೂ 1923ರಲ್ಲಿ ಅಣೆಕಟ್ಟು ಮುಗಿಯುವುದಕ್ಕೆ ಮೊದಲಿನ ಹಾಳೆ ಇಲ್ಲದೆ ಏನೂ ತಿಳಿಯದು: ಹೊಸದರಲ್ಲಿ ಬರೀ ನೀಲಿ ತುಂಬಿರುವ ಜಾಗದಲ್ಲಿ ಹಳೆಯದು ಹುಲ್ಲುಗಾವಲಿನ ತಳವನ್ನೂ ಅದರ ನಡುವೆ ಬಳುಕುವ ಟುವಾಲಮಿ ನದಿಯನ್ನೂ ತೋರಿಸುತ್ತದೆ.

ನೀಲಿ ಹಿಗ್ಗುವುದಷ್ಟೇ ಅಲ್ಲ, ಕುಗ್ಗುವುದೂ ಇದೆ. ಮೊಂಟಾನದ ಗ್ಲೇಸಿಯರ್ ಉದ್ಯಾನದಲ್ಲಿ 1966ರಲ್ಲಿ 35 ಇದ್ದ ಹಿಮನದಿಗಳು 2015ರ ಹೊತ್ತಿಗೆ 26ಕ್ಕೆ ಇಳಿದಿದ್ದವು. ಹಳೆಯ ಹಾಳೆಯಲ್ಲಿ ಹಿಮದ ಅಂಚಿಗೆ ತಾಗುವ ದಾರಿ ಈಗ ಬರಿಯ ಕಲ್ಲಿನಲ್ಲಿ ಮುಗಿಯಬಹುದು.

ಇಷ್ಟಾದರೂ ಹೊಸ ನಕ್ಷೆಯಲ್ಲಿ ಎಲ್ಲವೂ ಇದೆಯೆಂದುಕೊಳ್ಳಬೇಕಾಗಿಲ್ಲ. 2009ರಲ್ಲಿ ಶುರುವಾದ 'ಯುಎಸ್ ಟೋಪೋ' ಸರಣಿ ಕಂಪ್ಯೂಟರಿನ ದತ್ತಾಂಶದಿಂದ ತಯಾರಾಗುವಂಥದು. ಅದರ ಮೊದಲ ಹಾಳೆಗಳಲ್ಲಿ ಚಾರಣದ ದಾರಿಗಳೇ ಇರಲಿಲ್ಲ. ಬಿಡಿ ಕಟ್ಟಡಗಳು, ವಿದ್ಯುತ್ ತಂತಿಗಳು ಮುಂತಾದವನ್ನು ಕೈಬಿಟ್ಟಿದ್ದರು. ಆದರೂ ಇಂದಿನ ದಾರಿ, ಸೇತುವೆ, ಗಡಿಗಳ ವಿಷಯದಲ್ಲಿ ನನ್ನ ನಂಬಿಕೆ ಹೊಸದಕ್ಕೇ. ಎರಡನ್ನೂ ಒಂದರ ಮೇಲೊಂದಿಟ್ಟು ನೋಡುವವರಿಗೆ ಒಂದು ಮಾತು: ಹಳೆಯವುಗಳಲ್ಲಿ ಬಹುಪಾಲು 1927ರ ಭೂಮಾಪನ ಆಧಾರದ (ಸ್ಥಾನಗಳನ್ನು ಲೆಕ್ಕಹಾಕಲು ಬುನಾದಿಯಾಗಿ ಇಟ್ಟುಕೊಳ್ಳುವ ಚೌಕಟ್ಟಿನ) ಮೇಲೆ, ಹೊಸವು 1983ರದರ ಮೇಲೆ ನಿಂತಿವೆ. ಹಳೆಯ ಹಾಳೆಯ ಮೇಲಿನ ಮೀಟರ್ ಲೆಕ್ಕದ ಚೌಕಳಿ ಜಾಲದಿಂದ ಓದಿದ ಸ್ಥಾನದ ಅಂಕಿಯನ್ನು ಹಾಗೆಯೇ ಇಂದಿನ ಉಪಕರಣಕ್ಕೆ ಕೊಟ್ಟರೆ ಸ್ಥಾನ ಸುಮಾರು 200 ಮೀಟರ್ ಸರಿದುಹೋಗುತ್ತದೆ. ಕಾಡಿನಲ್ಲಿ ಪಾಯದ ಕಲ್ಲನ್ನು ಹುಡುಕುವವರಿಗೆ ಅಷ್ಟು ದೂರವೆಂದರೆ ಒಂದು ಹಳ್ಳದಾಚೆಯ ದಂಡೆ. ಉಪಕರಣದಲ್ಲಿ ಆಧಾರವನ್ನು ಬದಲಿಸಿಕೊಂಡೇ ಹೊರಡಬೇಕು.