ಹಳದಿ ಚೆನ್ನಾಗಿ ಏಳ್ಬೇಕು

ದಸರಾ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಅಲುಗಾಡದೆ ನಿಂತಿರುವುದಕ್ಕೆಲ್ಲ ಬಣ್ಣ ಬೀಳುತ್ತದೆ. ಫುಟ್‌ಪಾತ್ ಅಂಚಿನ ಕಲ್ಲು, ಸರ್ಕಲ್ಲಿನ ಗ್ರಿಲ್ಲು, ಪಾರ್ಕಿನ ಉಯ್ಯಾಲೆ, ಜಾರುಬಂಡೆ, ಅಂಗನವಾಡಿಯ ಗೇಟು. ಮೊಬೈಲ್ ನೋಡುತ್ತ ಎರಡು ನಿಮಿಷ ನಿಂತವರಿಗೂ ಒಂದು ಕೋಟ್ ಬಿದ್ದೀತು. ಹೊಸದು ಹೊಡೆಯುವ ಮೊದಲು ಹಳೆಯದನ್ನು ಕೆರೆಯಬೇಕಲ್ಲ, ಅದಕ್ಕೆ ಗ್ರೈಂಡರ್ ಬರುತ್ತದೆ, ಮೂತಿಗೆ ತಂತಿ ಬ್ರಷ್ ಸಿಕ್ಕಿಸಿಕೊಂಡು. ಗುರ್ರ್ ಅಂತ ಐದು ನಿಮಿಷ. ಐದಾರು ದಸರೆಗಳ ಹಳದಿ, ಕೆಂಪು, ಹಸಿರು ಎಲ್ಲ ಒಂದಾಗಿ ಬೂದು ದೂಳಾಗಿ ಏಳುತ್ತದೆ. ಉಯ್ಯಾಲೆಗೆ ಕಾದು ನಿಂತ ಮಕ್ಕಳಿಗೆ ಅದೊಂದು ತಮಾಷೆ, ದೂಳಿನೊಳಗೆ ಓಡಿ ಈಚೆ ಬರುತ್ತವೆ. ಗ್ರೈಂಡರ್ ಹಿಡಿದವನು ಮಾತ್ರ ಮೂಗಿಗೆ ಟವೆಲ್ ಕಟ್ಟಿಕೊಂಡಿರುತ್ತಾನೆ. ಅನುಭವಸ್ಥ.

ಈ ದೂಳಿನಲ್ಲಿ ಏನಿದೆ ಅಂತ ಕೇಳುವ ಕೆಟ್ಟ ಚಾಳಿ ನಮ್ಮ ಊರಿಗಿಲ್ಲ. ಯಾವ ಬಣ್ಣ ಅಂತ ಕೇಳುವುದರಲ್ಲಿ ಮಾತ್ರ ನಮ್ಮನ್ನು ಮೀರಿಸುವವರಿಲ್ಲ. 2022ರ ನವೆಂಬರ್ ನೆನಪಿದೆಯಲ್ಲ? ಊಟಿ ರಸ್ತೆಯ ಬಸ್ ತಂಗುದಾಣದ ಮೇಲೆ ಮೂರು ಗುಮ್ಮಟ, ಬಂಗಾರದ ಬಣ್ಣ. ಊರಿನ ಉಳಿದ ಸಮಸ್ಯೆಗಳೆಲ್ಲ ಅಂದೇ ಬಗೆಹರಿದುಬಿಟ್ಟಿದ್ದವೇನೋ. ಕೊನೆಗೆ ಚಿಕ್ಕವೆರಡು ಗುಮ್ಮಟ ಇಳಿದವು, ಉಳಿದ ದೊಡ್ಡದು ಕೆಂಪಾಯಿತು. ಅದೇ ತಿಂಗಳು ‘ವಿವೇಕ’ ಯೋಜನೆಯ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯಬೇಕೋ ಬೇಡವೋ ಅಂತ ರಾಜ್ಯಕ್ಕೆ ರಾಜ್ಯವೇ ಟಿವಿ ಮುಂದೆ ಕೂತು ಕಿತ್ತಾಡಿತು. ಬೇಕು ಅಂದವರಿದ್ದರು, ಬೇಡ ಅಂದವರಿದ್ದರು. ಡಬ್ಬ ತಿರುಗಿಸಿ ಹಿಂದಿನ ಚೀಟಿ ಓದಿದವರು ಒಬ್ಬರೂ ಕಾಣಲಿಲ್ಲ.

ಓದಿದ್ದರೆ ಎರಡೂ ಕಡೆಯವರಿಗೆ ರಾಜಿಗೊಂದು ದಾರಿ ಸಿಗುತ್ತಿತ್ತು. ಲೆಡ್ ಕ್ರೋಮೇಟ್ ಅಂತ ಒಂದು ಪುಡಿ ಇದೆ, ಸೀಸದ (ಲೆಡ್) ಸಂತಾನ, ಮಕ್ಕಳ ಮಿದುಳಿಗೆ ವಿಷ. ಹಾಗೇ ಹಾಕಿದರೆ ಹೊಳೆಯುವ ಹಳದಿ. ಮಾಲಿಬ್ಡೇಟ್ ಜೊತೆ ಮಾಡಿಸಿದರೆ ಕೇಸರಿ. ಪ್ರಷ್ಯನ್ ಬ್ಲೂ ಕಲಸಿದರೆ ಹಸಿರು, ಅದಕ್ಕೆ ಕ್ರೋಮ್ ಗ್ರೀನ್ ಅಂತ ಹೆಸರು. ಕೇಸರಿಯವರು, ಹಸಿರಿನವರು, ಅರಿಶಿನ-ಕುಂಕುಮದ ಬಾವುಟದವರು ಎಲ್ಲರಿಗೂ ಒಂದೇ ಮೂಟೆಯಿಂದ ಅಳೆದು ಕೊಡಬಹುದು. ಇಷ್ಟು ಸರ್ವಧರ್ಮ ಸಮಭಾವದ ವಸ್ತು ಇನ್ನೊಂದು ಸಿಗಲಿಕ್ಕಿಲ್ಲ.

ಬಣ್ಣದವರು ಅದನ್ನು ಪ್ರೀತಿಸುವುದಕ್ಕೆ ಕಾರಣವಿದೆ. ಒಂದೇ ಕೋಟಿಗೆ ಕೆಳಗಿನದನ್ನು ಮುಚ್ಚುತ್ತದೆ. ಬಿಸಿಲಿಗೆ ಸುಲಭಕ್ಕೆ ಮಂಕಾಗುವುದಿಲ್ಲ. ಅದರ ಬದಲು ಹಾಕುವ, ಸೀಸವಿಲ್ಲದ ಸಾವಯವ ರಾಸಾಯನಿಕದ ಹಳದಿಗೆ ಬೆಲೆ ಜಾಸ್ತಿ, ಮುಚ್ಚುವ ಶಕ್ತಿ ಕಮ್ಮಿ, ಎರಡು ಮೂರು ಕೋಟ್ ಕೇಳುತ್ತದೆ. ಎನಾಮೆಲ್ ಬೇಗ ಒಣಗಲಿ ಅಂತ ಹಾಕುವ ಡ್ರೈಯರಿನಲ್ಲೂ ಹಿಂದಿನಿಂದ ಸೀಸವಿತ್ತು. ಈಗ ಜಿರ್ಕೋನಿಯಂ, ಕ್ಯಾಲ್ಸಿಯಂ ಡ್ರೈಯರ್‌ಗಳು ಧಾರಾಳವಾಗಿ ಸಿಗುತ್ತವೆ. ಆದರೆ ಕಂಟ್ರಾಕ್ಟರ್ ಕಡೆಯವನು ಅಂಗಡಿ ಕಟ್ಟೆಗೆ ಮೊಣಕೈ ಊರಿ ಕೇಳುವುದು ಡ್ರೈಯರ್ ವಿಚಾರವಲ್ಲ. “ಹಳದಿ ಚೆನ್ನಾಗಿ ಏಳ್ಬೇಕು ಕಣಣ್ಣ, ಒಂದೇ ಕೋಟಲ್ಲಿ ಮುಚ್ಬುಡ್ಬೇಕು.” “ಹಂಗಾದ್ರೆ ಮನೇದು ಬ್ಯಾಡ, ಇಂಡಸ್ಟ್ರಿಯಲ್ ತಗೊಂಡೋಗು.”

ಆ ಒಂದು ಮಾತಿನೊಳಗೆ ನಮ್ಮ ಕಾನೂನು ಪೂರ್ತಿ ಅಡಗಿದೆ. 2016ರ ನವೆಂಬರ್ 1, ನಾವಿಲ್ಲಿ ರಾಜ್ಯೋತ್ಸವದ ಮೆರವಣಿಗೆಯಲ್ಲಿದ್ದ ದಿನ, ಕೇಂದ್ರ ಸರ್ಕಾರ ಬಣ್ಣದಲ್ಲಿನ ಸೀಸಕ್ಕೆ ನಿಯಮ ಹೊರಡಿಸಿತು. ಮಿತಿ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90. ಒಂದು ವರ್ಷದ ನಂತರ ಜಾರಿ. ಡಬ್ಬದ ಮೇಲೆ ಅದನ್ನು ಬರೆಯಲೂಬೇಕು. ಅಮೆರಿಕದಲ್ಲೂ ಇದೇ 90. ನಿಯಮ ಚೆನ್ನಾಗಿಯೇ ಇದೆ, ವ್ಯಂಗ್ಯವಲ್ಲ. ಆದರೆ ಅದರ ಹೆಸರಿನಲ್ಲಿ ಎರಡು ಪದಗಳಿವೆ: ಗೃಹಬಳಕೆ ಮತ್ತು ಅಲಂಕಾರಿಕ. ಕೈಗಾರಿಕಾ ಬಣ್ಣಗಳು ಅದರ ಹೊರಗೆ. ಎರಡು ಡಬ್ಬಗಳೂ ಒಂದೇ ಅಂಗಡಿಯ ಒಂದೇ ಅಟ್ಟದ ಮೇಲೆ ಕೂತಿರುತ್ತವೆ, ಕೈಗಾರಿಕೆಯ ಡಬ್ಬ ಕೈಗಾರಿಕೆಗೇ ಹೋಯಿತೇ ಅಂತ ಹಿಂದೆ ಹೋಗಿ ನೋಡುವವರಿಲ್ಲ. ಹಾಗಾಗಿ ಮಗು ಮನೆಯ ಹೊಸ ಗೋಡೆ ನೆಕ್ಕಿದರೆ ಭಾರತ ಸರ್ಕಾರ ಬೆನ್ನಿಗಿದೆ. ಉಯ್ಯಾಲೆಯ ಸರಪಳಿ ನೆಕ್ಕಿದರೆ ಅದು ಕೈಗಾರಿಕಾ ವಲಯ. ಹಳೆ ಕೋಟುಗಳ ಮಾತು ನಿಯಮದಲ್ಲಿಲ್ಲ. ಅವೆಲ್ಲ ಐತಿಹಾಸಿಕ ಪರಂಪರೆಗೆ ಸೇರಿದವು, ಪಾರಂಪರಿಕ ನಗರಿ ಅಲ್ಲವೇ ನಮ್ಮದು.

90 ಅಂದರೆ ಎಷ್ಟು ಅಂತ ಅಡುಗೆಮನೆ ಲೆಕ್ಕದಲ್ಲಿ ನೋಡಿ. ಲೆಡ್ ಕ್ರೋಮೇಟಿನ ತೂಕದಲ್ಲಿ ಶೇ 64ರಷ್ಟು ಸೀಸವೇ. ಒಂದು ಕೆಜಿ ಬಣ್ಣಕ್ಕೆ ಆ ಪುಡಿ ಸುಮಾರು 140 ಮಿಲಿಗ್ರಾಂ ಬಿದ್ದರೆ ಮಿತಿ ಮುಗಿಯಿತು. ಸಾರಿಗೆ ಹಾಕುವ ಇಂಗಿನ ಚಿಟಿಕೆಗಿಂತ ಕಮ್ಮಿ. ಹಳದಿ ಚೆನ್ನಾಗಿ ಏಳಲಿ ಅಂತ ಶೇ 5 ಹಾಕಿದರೆ 32 ಸಾವಿರ ಪಿಪಿಎಂ, ಮಿತಿಯ ಮುನ್ನೂರೈವತ್ತು ಪಟ್ಟು. ‘ಸ್ವಲ್ಪ ಜಾಸ್ತಿಯಾಯ್ತು’ ಅನ್ನುವ ಲೆಕ್ಕವೇ ಇಲ್ಲಿಲ್ಲ. ಹಾಕಿಲ್ಲ, ಇಲ್ಲವೇ ಸುರಿದಿದ್ದಾರೆ, ಅಷ್ಟೇ.

ಇನ್ನು ಎದ್ದು ಬಂದ ಚಕ್ಕೆ. ಐದಾರು ಕೋಟ್ ದಪ್ಪದ, ಒಂದು ಚದರ ಸೆಂಟಿಮೀಟರಿನ ಚಕ್ಕೆ 20 ಮಿಲಿಗ್ರಾಂ ತೂಗುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ 1 ಸೀಸವಿದ್ದರೂ 200 ಮೈಕ್ರೋಗ್ರಾಂ ಆಯಿತು. ಆಹಾರದ ಮೂಲಕ ಮಕ್ಕಳ ಹೊಟ್ಟೆಗೆ ದಿನಕ್ಕೆ ಇದಕ್ಕಿಂತ ಜಾಸ್ತಿ ಸೀಸ ಹೋಗಬಾರದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟುಕೊಂಡಿರುವ ಲೆಕ್ಕ 2.2 ಮೈಕ್ರೋಗ್ರಾಂ. ಉಗುರಗಲದ ಒಂದು ಚಕ್ಕೆಯಲ್ಲಿ ಮೂರು ತಿಂಗಳ ರೇಷನ್. ನಮ್ಮ ಯಾವ ಭಾಗ್ಯ ಯೋಜನೆಯೂ ಇಷ್ಟು ಮುಂಗಡವಾಗಿ ಕೊಟ್ಟದ್ದಿಲ್ಲ.

ಬೆಳಗ್ಗೆ ಪೇಪರ್ ಬಿಡಿಸಿದರೆ ಮೈಸೂರು-ಮಂಡ್ಯದವರ ಕಣ್ಣು ಮೊದಲು ಹೋಗುವುದು ಕನ್ನಂಬಾಡಿ ಕಟ್ಟೆಯ ಕಡೆಗೆ. ಗರಿಷ್ಠ ಮಟ್ಟ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅಡಿಯನ್ನು ದಶಾಂಶದ ಎರಡನೇ ಮನೆಯವರೆಗೆ ಬಾಯಿಪಾಠ ಹೇಳುವ ಜನ ನಾವು. ಅದೇ ಭಾಷೆಯಲ್ಲಿ ಮಗುವಿನ ವಿಷಯ ಹೇಳುವುದಾದರೆ, ಒಳಹರಿವು ಜೋರು: ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಶೇ 10 ಮೈಗೆ ಹತ್ತಿದರೆ, ಚಿಕ್ಕ ಮಕ್ಕಳಿಗೆ ಶೇ 40ರಿಂದ 50 ಹತ್ತುತ್ತದೆ. ಹೊಟ್ಟೆ ಖಾಲಿಯಿದ್ದರೆ, ರಕ್ತಹೀನತೆ ಇದ್ದರೆ ಇನ್ನೂ ಹೆಚ್ಚು. ಸೀಸವು ಕ್ಯಾಲ್ಸಿಯಂ ವೇಷ ಹಾಕಿಕೊಂಡು ಒಳಗೆ ಬರುವ ಗಿರಾಕಿ. ರಾಗಿ ಮುದ್ದೆ, ಹಾಲು ತಿಂದುಂಡ ಮೈಯಲ್ಲಿ ಅದಕ್ಕೆ ಬಾಗಿಲು ಸ್ವಲ್ಪ ಕಿರಿದು, ಅಷ್ಟರ ಮಟ್ಟಿಗೆ ಮಂಡ್ಯದ ಅಜ್ಜಿಯರು ಯಾವ ಮಂಡಳಿಗಿಂತಲೂ ವಾಸಿ. ಹೊರಹರಿವು ನಿಧಾನ: ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು. ಮೂಳೆ ಸೇರಿದರೆ ದಶಕಗಳು. ಕ್ರೆಸ್ಟ್ ಗೇಟ್ ಎತ್ತುವ ವ್ಯವಸ್ಥೆಯೇ ಇಲ್ಲ.

ಗರಿಷ್ಠ ಮಟ್ಟದ ಕಥೆ ಇನ್ನೂ ಚೆನ್ನಾಗಿದೆ. ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಕಂಡರೆ ಗಾಬರಿಯಾಗಬೇಕು ಅನ್ನುವ ಅಂಕಿ ಅಮೆರಿಕದಲ್ಲಿ 1960ರ ದಶಕದಲ್ಲಿ 60 ಇತ್ತು. ಆಮೇಲೆ 40, 30, 25. 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಹಿಂದಿನ ಅಂಕಿ ನಂಬಿ ‘ಏನೂ ತೊಂದರೆಯಿಲ್ಲ’ ಅಂತ ಮನೆಗೆ ಕಳಿಸಿದ ಮಕ್ಕಳು ಈಗ ಅಜ್ಜ-ಅಜ್ಜಿಯರಾಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಂದೇ, ಸುರಕ್ಷಿತ ಅನ್ನಬಹುದಾದ ಮಟ್ಟ ಇಷ್ಟು ಅಂತ ಯಾವುದೂ ಗೊತ್ತಿಲ್ಲ.

ನಮ್ಮಲ್ಲಿ ಈ ತಲೆನೋವಿಲ್ಲ, ಅಳೆದರೆ ತಾನೇ ಅಂಕಿ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಮೂವತ್ತು ತೊಂದರೆಗಳ ಪಟ್ಟಿ ಇಟ್ಟುಕೊಂಡು ಹಲ್ಲು, ಕಣ್ಣು, ಕಿವಿ ನೋಡುತ್ತದೆ. ತೀವ್ರ ರಕ್ತಹೀನತೆ ಪಟ್ಟಿಯಲ್ಲಿದೆ. ಕಲಿಕೆಯ ತೊಂದರೆ, ಮಾತು ತಡವಾಗುವುದು, ಗಮನ ನಿಲ್ಲದಿರುವುದೂ ಇವೆ. ಇವಕ್ಕೆಲ್ಲ ಒಂದು ಕಾರಣವಾಗಬಲ್ಲ ಸೀಸದ ರಕ್ತಪರೀಕ್ಷೆ ಮಾತ್ರ ಇಲ್ಲ. ಮಗು ಮಂಕಾಗಿದೆ ಅಂತ ಬರೆದುಕೊಳ್ಳುತ್ತಾರೆ, ಗೇಟು ದಾಟಿ ಜೀಪು ಹತ್ತುತ್ತಾರೆ. ಗೇಟಿಗೆ ಹೊಸ ಹಳದಿ.

ಅರಿಶಿನದ ಮಾತು ಬಂತು. (ಬರಲಿಲ್ಲ, ಆದರೂ ಹಳದಿ ಅಂದಮೇಲೆ ಹೇಳಲೇಬೇಕು.) ಇದೇ ಲೆಡ್ ಕ್ರೋಮೇಟನ್ನು ಮಂಕು ಅರಿಶಿನದ ಕೊಂಬಿಗೆ ತಿಕ್ಕಿ ಹೊಳಪು ಕೊಡುವ ವ್ಯಾಪಾರವೂ ಉಂಟು. ಗಾಜಿನ ಲೋಟದ ನೀರಿಗೆ ಕೊಂಬು ಹಾಕಿ: ಹಾಕಿದ ತಕ್ಷಣ ಢಾಳಾಗಿ ಹಳದಿ ಬಿಟ್ಟರೆ ಅನುಮಾನಿಸಿ, ಒಳ್ಳೆಯ ಕೊಂಬು ಹಾಗೆ ಬಣ್ಣ ಬಿಡುವುದಿಲ್ಲ. ಆದರೆ ಬಣ್ಣ ಬಿಡಲಿಲ್ಲ ಅಂತ ಸರ್ಟಿಫಿಕೇಟ್ ಕೊಡಬೇಡಿ, ಸಣ್ಣ ಪ್ರಮಾಣ ಲೋಟದಲ್ಲಿ ಸಿಕ್ಕುವುದಿಲ್ಲ, ಲ್ಯಾಬೇ ಬೇಕು. ಅರಿಶಿನಕ್ಕೆ ನಮ್ಮ ಆಹಾರ ನಿಯಮದ ಮಿತಿ 10 ಪಿಪಿಎಂ, ಕುಡಿಯುವ ನೀರಿಗೆ 0.01, ಗೋಡೆಗೆ 90. ಹನುಮಪ್ಪನಿಗೆ ಬಳಿಯುವ ಸಿಂಧೂರ ರೆಡ್ ಲೆಡ್ಡಿನದಾದರೆ ಅದರಲ್ಲಿ ಶೇ 90ರಷ್ಟು ಸೀಸ. ಸಂಜೀವಿನಿ ಹೊತ್ತವನು, ತಡೆದುಕೊಂಡಾನು. ಆ ಪ್ರಸಾದವನ್ನು ಹಣೆಗಿಟ್ಟು ಅದೇ ಬೆರಳಿನಿಂದ ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತೇವಲ್ಲ, ಕಷ್ಟ ಅಲ್ಲಿರುವುದು.

ಇಷ್ಟೆಲ್ಲ ಆಗುತ್ತಿರುವುದು ಬಣ್ಣದ ವಿದ್ಯೆ ಗೊತ್ತಿಲ್ಲದ ಹಳ್ಳಿಕೊಂಪೆಯಲ್ಲಲ್ಲ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಇರುವ ಊರಿದು. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಇಲ್ಲಿಂದಲೇ ಹೋಗುತ್ತದೆ. ಹದಿನೆಂಟು ತುಂಬಿದವರು ಎರಡು ಸಲ ಓಟು ಹಾಕದಂತೆ ಗುರುತು ಮಾಡುವುದು ನಮಗೆ ಗೊತ್ತು. ಆ ಗುರುತು ಉಗುರು ಬೆಳೆದಂತೆ ಕೆಲವು ವಾರಗಳಲ್ಲಿ ಹೋಗುತ್ತದೆ.

ಸೀಸದ್ದು ಹೋಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಬೇಕೋ ಗೊತ್ತಾಗುತ್ತಿಲ್ಲ. ಕೀಲೇಷನ್ ಔಷಧಿ ಕೊಡುವುದು ರಕ್ತದ ಮಟ್ಟ 45 ದಾಟಿದ ಮೇಲೆ. ಅದು ರಕ್ತದಿಂದ ಸೀಸ ಎಳೆಯುತ್ತದೆ, ಮಿದುಳು ಕಳೆದುಕೊಂಡದ್ದನ್ನು ತಂದುಕೊಡುವುದಿಲ್ಲ. ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಹೆಚ್ಚಿದೆ ಅಂತ ಯುನಿಸೆಫ್ 2020ರಲ್ಲೇ ಅಂದಾಜಿಸಿತು, ಭಾರತದ ಪಾಲು ಸುಮಾರು 27 ಕೋಟಿ ಮಕ್ಕಳು. ಮಾಡಲಾಗದ ಕೆಲಸವೂ ಅಲ್ಲ. 2000ದ ಫೆಬ್ರವರಿಯಿಂದ ಪೆಟ್ರೋಲಿನಲ್ಲಿ ಸೀಸ ನಿಲ್ಲಿಸಿದೆವು, ಯಾರ ಸ್ಕೂಟರೂ ಬೀದಿಯಲ್ಲಿ ನಿಂತು ಅಳಲಿಲ್ಲ. ಉಯ್ಯಾಲೆಗೆ ಯಾಕೆ ಆಗುವುದಿಲ್ಲ?

ಟೆಂಡರಿನಲ್ಲಿ ಒಂದು ಸಾಲು ಬೇಕು: ಪಾರ್ಕು, ಶಾಲೆ, ಅಂಗನವಾಡಿಗೆ ಬರುವ ಯಾವ ಬಣ್ಣವಾದರೂ, ಡಬ್ಬದ ಮೇಲೆ ಏನೇ ಬರೆದಿರಲಿ, ಸೀಸ 90 ಪಿಪಿಎಂ ಮೀರಬಾರದು, ಬ್ಯಾಚಿನ ಲ್ಯಾಬ್ ವರದಿ ಬಿಲ್ಲಿನ ಜೊತೆ ಲಗತ್ತಿಸಬೇಕು. ಹಳೆ ಕೋಟಿನಲ್ಲಿ ಏನಿದೆ ಅಂತ ನೋಡಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಇದೆ, ಗೇಟಿಗೆ ಒತ್ತಿ ಹಿಡಿದರೆ ಒಂದು ನಿಮಿಷದೊಳಗೆ ಅಂಕಿ. ಅದಿಲ್ಲವೇ, ಸೀಸ ಇದೆ ಅಂತಲೇ ತಿಳಿದು ಕೆರೆಯಿರಿ. ಗ್ರೈಂಡರ್ ಬೇಡ, ಬ್ಲೋ ಲ್ಯಾಂಪ್ ಅಂತೂ ಬೇಡವೇ ಬೇಡ, ಆ ಬಿಸಿಗೆ ಸೀಸ ಹೊಗೆಯಾಗಿ ಏಳುತ್ತದೆ. ಸುತ್ತ ಎಂಟು ಹತ್ತು ಅಡಿ ಟಾರ್ಪಾಲ್ ಹಾಸಿ. ಸೋಪಿನ ನೀರು ಚಿಮುಕಿಸಿ, ವಾಟರ್ ಪೇಪರಿನಿಂದ ಒದ್ದೆಯಲ್ಲೇ ಉಜ್ಜಿ, ಒಣಗಿದರೆ ಮತ್ತೆ ಚಿಮುಕಿಸಿ. ಪೈಪು ಹಿಡಿದು ಮಣ್ಣಿಗೆ ತೊಳೆಯಬೇಡಿ, ಮಕ್ಕಳು ನಾಳೆ ಆಡುವುದು ಆ ಮಣ್ಣಿನಲ್ಲೇ. ಪೊರಕೆ ಮುಟ್ಟಬೇಡಿ, ಗುಡಿಸಿದರೆ ಸಣ್ಣ ದೂಳು ಮತ್ತೆ ಗಾಳಿಗೇ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂಡಲು ಒಂದು ಬಕೆಟ್, ಅದ್ದಲು ಇನ್ನೊಂದು. ಕೆರೆದದ್ದನ್ನು ಟಾರ್ಪಾಲಿನಲ್ಲೇ ಮಡಚಿ ದಪ್ಪ ಚೀಲಕ್ಕೆ ಕಟ್ಟಿ. ಕೆಲಸ ಮುಗಿಯುವವರೆಗೆ ಅಂಗನವಾಡಿಗೆ ರಜೆ. ಉಪ್ಪಿಟ್ಟು ಅದೇ ಗಾಳಿಯಲ್ಲಿ ಬೇಯುವುದು ಬೇಡ.

ಸದ್ಯಕ್ಕೆ ನಡೆಯುತ್ತಿರುವ ವ್ಯವಸ್ಥೆ ಇಷ್ಟು: ಗ್ರೈಂಡರ್ ಹೋದಮೇಲೆ ಹಳದಿ ಬೀಳುತ್ತದೆ, ಒಂದೇ ಕೋಟ್. ಗೇಟಿಗೆ ರಟ್ಟಿನ ತುಂಡೊಂದನ್ನು ದಾರದಲ್ಲಿ ಕಟ್ಟುತ್ತಾರೆ, ‘ಹಸಿ ಬಣ್ಣ, ಮುಟ್ಟಬಾರದು’. ಸಂಜೆಗೆ ಬಣ್ಣ ಒಣಗುತ್ತದೆ. ರಟ್ಟು ಬಿಚ್ಚುತ್ತಾರೆ.