ಮೇನ್ ವಾಲ್ವ್ ತಿರುಗದಿದ್ದರೆ?

ಮನೆಯ ನೀರಿನ ಪೈಪ್ ಒಡೆದಾಗ ಏನು ಮಾಡಬೇಕು ಅನ್ನೋ ಲೇಖನವೊಂದರಲ್ಲಿ 'ಪೈಪ್ ಒಡೆದರೆ ಮೊದಲು ಮೇನ್ ವಾಲ್ವ್ (ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್) ಬಂದ್ ಮಾಡಿ' ಅಂತಿದೆ. ಸರಿ, ಆದರೆ ನಮ್ಮ ಕೋಲಾರದ ಬೋರ್‌ವೆಲ್ ನೀರಿಗೆ ಆ ವಾಲ್ವ್ ತಿರುಗಿದರೆ ತಾನೇ! ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಒಳಗೆ ಬಿಳಿ ಸುಣ್ಣ ಕಟ್ಟಿ ಕಚ್ಚಿಕೊಂಡಿರುತ್ತೆ. ಪಾನಾ ಹಾಕಿ ಜಗ್ಗಿದರೆ ಒಳಗಿನ ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಕಡ್ಡಿ) ಮುರಿದು ಇನ್ನೊಂದು ಕೆಲಸ. ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ಆಡಿಸುತ್ತಾ ಬನ್ನಿ, ಸಾಮಾನ್ಯವಾಗಿ ಸಡಿಲವಾಗುತ್ತೆ. ಬಗ್ಗಲೇ ಇಲ್ಲವೇ? ಮೋಟರ್, ಗೀಸರ್ ಎರಡೂ ಆಫ್ ಮಾಡಿ, ಒಡೆದ ಜಾಗಕ್ಕಿಂತ ಕೆಳಗಿರುವ ನಲ್ಲಿಗಳನ್ನೆಲ್ಲ ಪೂರ್ತಿ ಬಿಟ್ಟು ಡ್ರಮ್ಮು, ಬಕೆಟ್ಟು ತುಂಬಿಸಿಕೊಳ್ಳಿ. ಸೋರುವ ಕಡೆ ಒತ್ತಡ ಇಳಿಯುತ್ತೆ, ಟ್ಯಾಂಕರ್‌ಗೆ ದುಡ್ಡು ಕೊಟ್ಟ ನೀರೂ ಚರಂಡಿ ಪಾಲಾಗಲ್ಲ.

ಇನ್ನು ಬಿರುಕು ಮುಚ್ಚುವ ಎಂ-ಸೀಲ್ ಅಂಟಿನ ವಿಷಯ. ನೀರು ಚಿಮ್ಮುತ್ತಿರುವಾಗ ಅದು ಹಿಡಿಯಲ್ಲ; ಒಣಗಿದ, ಉಜ್ಜಿದ ಪೈಪೇ ಬೇಕು, ಸಾಮಾನ್ಯ ಎಂ-ಸೀಲ್ ಗಟ್ಟಿಯಾಗಲು ಒಂದು ತಾಸಾದರೂ ಬೇಕು. ಆ ಹೊತ್ತಿಗೆ ಹಳೇ ಸೈಕಲ್ ಟ್ಯೂಬೇ ಸರಿ. ಎರಡು ಇಂಚು ಅಗಲ, ಮೂರು ಅಡಿ ಉದ್ದದ ಪಟ್ಟಿ ಕತ್ತರಿಸಿ, ಬಿರುಕಿಗಿಂತ ಮೂರಿಂಚು ಹಿಂದಿನಿಂದ ಶುರು ಮಾಡಿ. ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿ, ತುದಿಗೆ ಬೈಂಡಿಂಗ್ ವೈರ್ ಬಿಗಿಯಿರಿ. ಎಳೆಯದೆ ಸುತ್ತಿದರೆ ಅಂಚಿನಿಂದ ನೀರು ಜಿನುಗೇ ಜಿನುಗುತ್ತೆ. ಹತ್ತು ಮೀಟರ್ ಎತ್ತರದಲ್ಲಿರುವ ಟ್ಯಾಂಕಿನಿಂದ ಬರುವ ನೀರಿನ ಒತ್ತಡ ಸುಮಾರು ಒಂದು ಬಾರ್, ಅಷ್ಟನ್ನು ಟ್ಯೂಬು ತಡೆಯುತ್ತೆ. ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಅದನ್ನು ಆಫ್ ಮಾಡದೆ ಈ ಕಟ್ಟು ನಂಬಬೇಡಿ.

ನಲ್ಲಿಯೇ ಕಿತ್ತು ಬಂದರೆ ಅರ್ಧ ಇಂಚಿನ ಎಂಡ್ ಪ್ಲಗ್‌ಗೆ (ಪೈಪಿನ ಬಾಯಿ ಮುಚ್ಚುವ ಬಿರಡೆ) ಟೆಫ್ಲಾನ್ ಟೇಪ್ ಹತ್ತು-ಹನ್ನೆರಡು ಸುತ್ತು ಸುತ್ತಿ, ಆ ಬಾಯಿಗೆ ತಿರುಗಿಸಿ ಬಿಗಿ ಮಾಡಿ. ಪ್ಲಗ್‌ನ ಮರೆಯಿರುವ ತುದಿ ನಿಮ್ಮ ಕಡೆಗಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಟೇಪ್ ಸುತ್ತಿ. ಉಲ್ಟಾ ಸುತ್ತಿದರೆ ಟೇಪು ಬಿಚ್ಚಿಕೊಳ್ಳುತ್ತೆ.