ಕತೆಗೆ ಒಂದು ಒತ್ತು

ಕತೆಗೆ ಒಂದು ಒತ್ತು ಕೊಟ್ಟರೆ ಕತ್ತೆ ಆಗುತ್ತದೆ. ಇದು ನನಗೆ ಎರಡನೇ ಕ್ಲಾಸಿನಿಂದಲೇ ಗೊತ್ತು. ಆದರೂ ನಲವತ್ತು ದಾಟಿದ ಮೇಲೆ, ಕನ್ನಡಕ ಹಾಕಿಕೊಂಡು ಮೂರು ತಿಂಗಳು ಕೂತು ಓದಿ, ಒಂದು ಕಂಪ್ಯೂಟರ್ ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ಬಿಟ್ಟುಬಿಟ್ಟೆ. ಉಳಿದದ್ದನ್ನೆಲ್ಲ ನೋಡಿದ್ದೆ ಸ್ವಾಮಿ.

ಶುರುವಾದದ್ದು 2022ರಲ್ಲಿ, ಅಕ್ಕನ ಮಗನಿಂದ. ರಜೆಗೆ ಬಂದವನು ನನ್ನ ಹಳೇ ಕಂಪ್ಯೂಟರಿನಲ್ಲಿ ಕಾರ್ ರೇಸಿನ ಗೇಮ್ ಹಾಕಿದ. ಕಾರು ಓಡಲಿಲ್ಲ. ಆಲ್ಬಮ್ ತಿರುವಿದ ಹಾಗೆ ಒಂದೊಂದೇ ಫೋಟೋ ಬಂತು. "ಮಾವ, ಇಲ್ಲಿ ನಾನು ಗುದ್ದಿಕೊಂಡ ಮೇಲೆ ಗೋಡೆ ಕಾಣಿಸುತ್ತೆ" ಅಂದ. ಪಾಪ, ಹುಡುಗನಿಗೋಸ್ಕರ ಹೊಸದೊಂದು ಜೋಡಿಸೋಣ ಅಂತ ಮನೆಯಲ್ಲಿ ಘೋಷಿಸಿದೆ. ದೊಡ್ಡವರು ಆಟದ ಸಾಮಾನು ಕೊಳ್ಳಬೇಕಾದರೆ ಪಕ್ಕದಲ್ಲಿ ಒಂದು ಮಗು ನಿಂತಿರಬೇಕು, ಅಲ್ವಾ? ಬಜೆಟ್ ಮಾತ್ರ ಹೆಂಡತಿಯೇ ನಿಗದಿ ಮಾಡಿದಳು. ಅದನ್ನು ಕೇಳಿ ಹುಡುಗ ನಕ್ಕ.

ಗೇಮಿಂಗ್ ಕಂಪ್ಯೂಟರಿನಲ್ಲಿ ಇಬ್ಬರದು ಮುಖ್ಯ ಕೆಲಸ. ಪ್ರೊಸೆಸರ್ ಹೇಳುತ್ತದೆ, ಗ್ರಾಫಿಕ್ಸ್ ಕಾರ್ಡ್ ಬಿಡಿಸುತ್ತದೆ. ಕಾರು ಎಲ್ಲಿದೆ, ಎದುರಾಳಿ ಯಾವ ಕಡೆ ತಿರುಗಿದ, ಗುದ್ದಿದ್ದು ಹೌದೋ ಅಲ್ಲವೋ ಎಂಬ ಲೆಕ್ಕವೆಲ್ಲ ಮೊದಲನೆಯದರದು. ಅದನ್ನು 1920×1080 ಪರದೆಯ ಮೇಲೆ, ಅಂದರೆ 20 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳಿಗೆ, ಸೆಕೆಂಡಿಗೆ 60 ಸಲ ಬಣ್ಣ ಹಚ್ಚುವ ಪಾಡು ಎರಡನೆಯದರದು. ಹೇಳುವವನು ನಿಧಾನವಾದರೆ ಬಿಡಿಸುವವನು ಕುಂಚ ಹಿಡಿದು ಆಕಳಿಸುತ್ತಾನೆ. ಬಿಡಿಸುವವನು ನಿಧಾನವಾದರೆ ಹೇಳುವವನು ಬಾಯಿ ತೆರೆದುಕೊಂಡೇ ಕಾಯುತ್ತಾನೆ. ಇರುವ ದುಡ್ಡಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡಬೇಕು.

ಎಕ್ಸೆಲ್ ತೆರೆದೆ. ಹದಿನೇಳು ಕಾಲಂ ಹಾಕಿದೆ. ಕೋರ್ (ಲೆಕ್ಕ ಮಾಡುವ ತಲೆ) ಎಷ್ಟು, ಥ್ರೆಡ್ (ಒಟ್ಟಿಗೆ ಹಿಡಿಯುವ ಕೆಲಸ) ಎಷ್ಟು, ವ್ಯಾಟ್ ಎಷ್ಟು, ಯಾವ ಸಾಕೆಟ್, ಎಲ್ಲ. ಆಫೀಸಿನಲ್ಲಿ ಇಷ್ಟು ಶ್ರದ್ಧೆಯಿಂದ ಮಾಡಿದ್ದರೆ ಈ ಹೊತ್ತಿಗೆ ನನಗೂ ಒಂದು ಕ್ಯಾಬಿನ್ ಇರುತ್ತಿತ್ತು.

ಪಕ್ಕದ ಸೀಟಿನವರು ಹಾಳೆ ನೋಡಿ, "ಐ7 ಇಲ್ದೆ ಗೇಮಿಂಗಾ?" ಎಂದು ಹುಬ್ಬೇರಿಸಿದರು. ನಾನು ಇದಕ್ಕೇ ಕಾಯುತ್ತಿದ್ದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಐ7 ಅಣ್ಣ, ಐ3 ತಮ್ಮ. 2017ರ ಐ7-7700ಕೆ ಪ್ರೊಸೆಸರಿನಲ್ಲಿ 4 ಕೋರ್, 8 ಥ್ರೆಡ್. 2022ರ ಐ3-12100ರಲ್ಲೂ 4 ಕೋರ್, 8 ಥ್ರೆಡ್. ಓಟಕ್ಕೆ ಬಿಟ್ಟರೆ ಹೊಸ ಐ3ಯೇ ಮುಂದೆ. ಐದು ವರ್ಷದಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬಂದಿದೆ, ತಮ್ಮ ಅಣ್ಣನಿಗಿಂತ ಎತ್ತರ ಬೆಳೆದಿದ್ದಾನೆ. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ಹೋಗಿದ್ದರು.

ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್ ಕೂಡ ಬಹಳ ಕಾಡಿತು. ಅದರಲ್ಲಿ 6 ಕೋರ್, 12 ಥ್ರೆಡ್. ಹೊಸ ಗೇಮುಗಳಿಗೆ ಆ ಎರಡು ಕೋರ್ ಬೇಕಾಗುತ್ತವೆ ಎಂದು ಒಂದು ಮನಸ್ಸು. ಅದರ ಬದಲು ಕಾರ್ಡ್ ಒಳ್ಳೆಯದು ತಗೋ ಎಂದು ಇನ್ನೊಂದು ಮನಸ್ಸು. ಎರಡೂ ನನ್ನವೇ ಆದ್ದರಿಂದ ನಿದ್ದೆ ಕೆಟ್ಟದ್ದು ನನ್ನೊಬ್ಬನದೇ. ಕೊನೆಗೆ ಕಾರ್ಡಿನ ಮನಸ್ಸು ಗೆದ್ದಿತು.

ಈ ಹೆಸರುಗಳ ಬಾಲದ ಬಗ್ಗೆಯೂ ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿಪಾಠ ಮಾಡಿದ್ದೆ. ಇಂಟೆಲ್ಲಿನಲ್ಲಿ ಕೆ ಇದ್ದರೆ ಅದರ ವೇಗವನ್ನು ನಾವೇ ಏರಿಸಬಹುದು. ಎಫ್ ಇದ್ದರೆ ಪರದೆಗೆ ಚಿತ್ರ ಕಳಿಸುವ ಭಾಗ ಅದರೊಳಗೆ ಕೆಲಸ ಮಾಡುವುದಿಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಅದಕ್ಕೇ ಅದು ಸ್ವಲ್ಪ ಅಗ್ಗ. ರೈಜೆನ್ನಿನಲ್ಲಿ 5600ಜಿ ಅಂದರೆ ಚಿತ್ರದ ಭಾಗ ಒಳಗೇ ಇದೆ. ಕಾರ್ಡುಗಳ ಕತೆ ಇನ್ನೂ ಮಜಾ. ಜಿಟಿ 1030 ಎಂಬ ಕಾರ್ಡ್ 2017ರಲ್ಲಿ ಜಿಡಿಡಿಆರ್5 ಮೆಮೊರಿ ಇಟ್ಟುಕೊಂಡು ಬಂತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಇಟ್ಟುಕೊಂಡು ಇನ್ನೊಂದು ಬಂತು. ಅದರ ಮೆಮೊರಿಯ ವೇಗ ಹೆಚ್ಚುಕಮ್ಮಿ ಮೂರನೇ ಒಂದು ಭಾಗ. ಬಾಲ ಇದ್ದರೆ ಒಂದು ಕಷ್ಟ, ಇಲ್ಲದಿದ್ದರೆ ಇನ್ನೊಂದು. ಹೀಗಂತ ಹುಡುಗನಿಗೆ ಅರ್ಧ ಗಂಟೆ ಪಾಠ ಮಾಡಿದ್ದೆ. ಅವನು ಅದನ್ನು ಮರೆತಿಲ್ಲ.

ನನ್ನ ಉಪಾಯ ಹೀಗಿತ್ತು. ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯಕ್ಕಾಗಿ ಕಾರ್ಡುಗಳನ್ನು ರಾಶಿ ಹಾಕಿಕೊಂಡು ಮೈನಿಂಗ್ ಮಾಡುವವರ ಕಾಟದಿಂದ 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಆಕಾಶದಲ್ಲಿತ್ತು. ಈಗ ಇಳಿಯುತ್ತಿದೆ. ಇನ್ನೂ ಇಳಿಯಲಿ. ಮೊದಲು ಪ್ರೊಸೆಸರ್ ತಂದು, ಅದರೊಳಗಿನ ಚಿತ್ರದ ಭಾಗದಲ್ಲೇ ಎರಡು ಮೂರು ತಿಂಗಳು ತಳ್ಳಿ, ಆಮೇಲೆ ಕಾರ್ಡ್ ಹಾಕಿಸೋಣ. ಬುದ್ಧಿವಂತನ ಲಕ್ಷಣ ಅಲ್ಲವೇ?

ಹಾಳೆಯನ್ನು ಬೆಲೆಯ ಪ್ರಕಾರ ಜೋಡಿಸಿದೆ. ಐ3-12100 ಎರಡು ಕಡೆ ಇತ್ತು. ಒಂದು ಕಡೆ ಬೆಲೆ ಕಡಿಮೆ. ಅದೇ ಪ್ರೊಸೆಸರು, ಕಡಿಮೆ ದುಡ್ಡಿಗೆ! ತಡಮಾಡದೆ ಆರ್ಡರ್ ಮಾಡಿದೆ. ಹೆಸರಿನ ಕಾಲಂ ಕಿರಿದಾಗಿತ್ತು ಎಂಬುದನ್ನು ನಾನು ಗಮನಿಸಲಿಲ್ಲ. ಕೊನೆಯ ಎಫ್ ಪಕ್ಕದ ಕಾಲಂ ಕೆಳಗೆ ಅಡಗಿ ಕೂತಿತ್ತು.

ಸಾಮಾನು ಬಂತು. ಪೆಟ್ಟಿಗೆಯ ಮೇಲೆ ಎಫ್ ಸ್ಪಷ್ಟವಾಗಿಯೇ ಇತ್ತು. ಪೆಟ್ಟಿಗೆ ಹರಿಯುವ ಆತುರದಲ್ಲಿರುವವನು ಪೆಟ್ಟಿಗೆ ಓದುತ್ತಾನೆಯೇ? ನಾನೇ ಕೂತು ಜೋಡಿಸಿದೆ. ಎಲ್ಲಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮಾತ್ರ ಒಳ್ಳೆಯದೇ ತಂದಿದ್ದೆ. ಅದು ಸತ್ತರೆ ಒಂಟಿಯಾಗಿ ಸಾಯುವ ಪೈಕಿ ಅಲ್ಲ, ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಹೋಗುತ್ತದೆ. ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

ಕೇಬಲ್ ಬದಲಾಯಿಸಿದೆ. ರ್‍ಯಾಮ್ ಕಿತ್ತು ಒರೆಸಿ ಹಾಕಿದೆ. ಪ್ರೊಸೆಸರ್ ಬಿಚ್ಚಿ, ಶಾಖ ದಾಟಿಸುವ ಪೇಸ್ಟ್ ಒರೆಸಿ, ಮತ್ತೆ ಪೇಸ್ಟ್ ಹಚ್ಚಿ ಕೂರಿಸಿದೆ. ಮಾನಿಟರಿನ ಬೆನ್ನು ತಟ್ಟಿದೆ. ರಾತ್ರಿ ಒಂದೂವರೆಗೆ ಮದರ್‌ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ದೀಪ ಕಂಡಿತು. ಅದರ ಪಕ್ಕದಲ್ಲಿ ವಿಜಿಎ ಎಂದು ಬರೆದಿತ್ತು, ಅಂದರೆ ತೊಂದರೆ ಚಿತ್ರದ ಭಾಗದ್ದು. ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ.

"ಮಾವ, ಪೆಟ್ಟಿಗೆ ಮೇಲೆ ಏನಿದೆ ಓದಿ."

"ಐ3... 12100..."

"ಆಮೇಲೆ?"

ಆಮೇಲೆ ನಾನು ಮಾತಾಡಲಿಲ್ಲ. ಅವನೇ ಮಾತಾಡಿದ. ನಾನು ಮಾಡಿದ್ದ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

ಅವತ್ತಿನಿಂದ ಮೂರು ತಿಂಗಳು ಆ ಕಂಪ್ಯೂಟರ್ ಹಾಲಿನ ಮೂಲೆಯಲ್ಲಿ ಕೂತಿತ್ತು. ಮನೆಗೆ ಬಂದವರು ಏನಿದು ಅಂದರೆ ಹೆಂಡತಿ, "ಫ್ಯಾನು. ಚೆನ್ನಾಗಿ ತಿರುಗುತ್ತೆ" ಅನ್ನುತ್ತಿದ್ದಳು. ಕಾರ್ಡನ್ನು ಆಗಲೇ ತರಬಹುದಿತ್ತು. ಆದರೆ ಬೆಲೆ ಇಳಿಯುವವರೆಗೆ ಕಾಯುತ್ತೇನೆ ಅಂತ ಹೇಳಿಬಿಟ್ಟಿದ್ದೆನಲ್ಲ, ಮರ್ಯಾದೆಯ ಪ್ರಶ್ನೆ. ಸೆಪ್ಟೆಂಬರಿನಲ್ಲಿ ಇಥೀರಿಯಮ್ಮಿನವರು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟರು. ಜಗತ್ತಿನಲ್ಲಿ ಯಾರು ಯಾರಿಗೋ ನಷ್ಟವಾಗಿರಬಹುದು. ನಾನು ಹಬ್ಬ ಮಾಡುವುದೊಂದು ಬಾಕಿ.

ಈ ಸಲ ಕಾಲಂ ಅಗಲ ಮಾಡಿಕೊಂಡು ಕೂತೆ. ಜಿಟಿಎಕ್ಸ್ 1650 ಕಾರ್ಡಿನಲ್ಲಿ 4 ಜಿಬಿ ಮೆಮೊರಿ. ಹೊಸ ಗೇಮುಗಳಿಗೆ ಬಿಗಿಯಾದ ಅಂಗಿ. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲೂ 4 ಜಿಬಿಯೇ. ಸಾಲದ್ದಕ್ಕೆ ಮದರ್‌ಬೋರ್ಡಿನ ಜೊತೆ ಮಾತಾಡಲು ಅದಕ್ಕೆ ನಾಲ್ಕೇ ಲೇನಿನ ದಾರಿ, ಹಳೇ ಬೋರ್ಡಿಗೆ ಹಾಕಿದರೆ ಇನ್ನೂ ಸೊರಗುತ್ತದೆ. ಆರ್‌ಟಿಎಕ್ಸ್ 3050 ಮತ್ತು ಆರ್‌ಎಕ್ಸ್ 6600, ಎರಡರಲ್ಲೂ 8 ಜಿಬಿ. ಮೊದಲನೆಯದರಲ್ಲಿ ಡಿಎಲ್‌ಎಸ್‌ಎಸ್ ಎಂಬ ಕೈಚಳಕ ಇದೆ, ಕಡಿಮೆ ಚುಕ್ಕಿ ಬಿಡಿಸಿ ಜಾಸ್ತಿ ಬಿಡಿಸಿದ ಹಾಗೆ ತೋರಿಸುತ್ತದೆ. ಆದರೆ ಸುಮ್ನೆ ಬಿಡಿಸುವ ವೇಗದಲ್ಲಿ 6600 ಮುಂದೆ. 132 ವ್ಯಾಟಿನ ಕಾರ್ಡು, ನನ್ನ ಎಸ್‌ಎಂಪಿಎಸ್‌ಗೆ ಭಾರವಲ್ಲ. ತಂದೇಬಿಟ್ಟೆ. ಪೆಟ್ಟಿಗೆಯನ್ನು ಆರೂ ಕಡೆ ಓದಿದೆ.

ಹುಡುಗನನ್ನು ಕರೆಸಿ, ಹೆಂಡತಿಯನ್ನು ಕೂರಿಸಿ, ಕಾರ್ಡ್ ಹಾಕಿ ಸ್ವಿಚ್ ಒತ್ತಿದೆ. ಮೂರು ಫ್ಯಾನು ತಿರುಗಿದವು. ಪರದೆ ಕಪ್ಪು.

ಹುಡುಗ ಮಾತಿಲ್ಲದೆ ಎದ್ದ. ಕ್ಯಾಬಿನೆಟ್ಟಿನ ಹಿಂದೆ ಹೋದ. ಮದರ್‌ಬೋರ್ಡಿಗೆ ಸಿಕ್ಕಿಸಿದ್ದ ಕೇಬಲ್ ತೆಗೆದು, ಒಂದು ಗೇಣು ಕೆಳಗೆ, ಕಾರ್ಡಿಗೆ ಸಿಕ್ಕಿಸಿದ. ಪರದೆ ಬೆಳಗಿತು. "ಪುನಃ ಅದೇ ಎಫ್, ಮಾವ" ಅಂದ. ಮದರ್‌ಬೋರ್ಡಿನ ಆ ತೂತು ಸುಮ್ನೆ ಅಲಂಕಾರಕ್ಕಿದೆ ಎಂಬುದನ್ನು ಮೂರು ತಿಂಗಳು ದಿನಾ ನೋಡಿಯೂ ನಾನು ಕಲಿತಿರಲಿಲ್ಲ.

ಈಗ ಗೇಮ್ ಚೆನ್ನಾಗಿ ಓಡುತ್ತದೆ. ನಾನು ಆಡುವುದಕ್ಕಿಂತ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಅಂಕಿ ನೋಡುವುದೇ ಜಾಸ್ತಿ. ಹಾಗಾಗಿ ಗೋಡೆಗೆ ಈಗಲೂ ಗುದ್ದುತ್ತೇನೆ. ಒಂದೇ ವ್ಯತ್ಯಾಸ, ಗೋಡೆ ಮೊದಲೇ ಕಾಣಿಸುತ್ತದೆ.

ಹೋದ ವಾರ ವಾಷಿಂಗ್ ಮಷೀನ್ ಕೆಟ್ಟಿತು. ಹೊಸದು ನೋಡುತ್ತಿದ್ದ ಹೆಂಡತಿ ಫೋನ್ ಹಿಡಿದುಕೊಂಡು ಬಂದಳು.

"ರೀ, ಇದು ಕಡಿಮೆಗೆ ಸಿಗ್ತಿದೆ. ಆದ್ರೆ ಹೆಸರಿನ ಕೊನೆಗೆ ಎಫ್ ಅಂತಿದೆ. ಬಟ್ಟೆ ಒಗೆಯುತ್ತೆ ತಾನೆ?"